ಹದಿನಾಲ್ಕನೇ ಫೈಲು

ಬೆಳಗಾವಿ ಕ್ಯಾಂಪಿನ ಕಾಯ್ತಾನ ಮೇಸ್ತ್ರಿ
ಹಳೇ ಗಿಟಾರ ಕೈಗೆ ಕೊಡೋ ಮುಂದ ಹೇಳಿದ್ದ:
ತಂತಿ ಹೊಸಾವು ಹಾಕ್ಕೋ, ಮೂರನೇ ಮನಿ ಸವದೈತಿ,
ಮಳಿಗಾಲಕ್ಕ ಕುತ್ತಿಗಿ ಬಾಗತೈತಿ, ಬೈಬ್ಯಾಡ ಅದನ್ನ.
ಎರಡು ಸಾವಿರದ ಎರಡು ನೂರು.
ಬಸ್ಸಿನಾಗ ಕಂಡಕ್ಟರ ಅದಕ್ಕೂ ಅರ್ಧ ಟಿಕೀಟ ಹರದ.

ಮೈಕಿಗೆ ಮುನ್ನೂರ ಐವತ್ತು.
ಅಂಗಿ ಗುಂಡಿಗೆ ಸಿಗಿಸೋದು, ಹುಣಸಿಬೀಜದಷ್ಟು ತೆಲಿ.
ಸ್ಟ್ಯಾಂಡಿಗೆ ರೊಕ್ಕ ಉಳೀಲಿಲ್ಲ.
ಮುರಕ ಮಗ್ಗದ ಸರಳಿಗೆ ಬಟ್ಟಿ ಒಣಹಾಕೋ ಕ್ಲಿಪ್ಪು,
ಕ್ಲಿಪ್ಪಿಗೆ ಮೈಕು, ಬುಡಕ್ಕ ಜ್ವಾಳ ತುಂಬಿದ ಡಬ್ಬಿ.
ನಿಂತೈತಿ. ಮಗ್ಗದ ಫಿಟ್ಟರ ನಾನು,
ಬೀಳೋದನ್ನ ನಿಲ್ಲಸೂದ ನನ್ನ ಕೆಲಸ.

ಲ್ಯಾಪ್‌ಟಾಪು ಸೀರಿ ಡಿಜೈನ ಮಾಡೋ ಅಶ್ಫಾಕನದು.
ಗೆರಿ ಕೆಂಪಿಗೆ ಮುಟ್ಟಬಾರದು, ಹಸರಿನ್ಯಾಗ ಇರು, ಅಂದ.
ಇಯರ್‌ಫೋನಿನ ಎಡಗಿವಿ ಸತ್ತು ವರ್ಷಾತು.

ನಮ್ಮ ಬನಹಟ್ಟಿ ಓಣ್ಯಾಗ
ಮೂವತ್ತಾರು ಮಗ್ಗ, ಹಗಲೂ ರಾತ್ರಿ.
ಗ್ವಾಡಿ ನಡಗತಾವು. ಚಾದ ಕಪ್ಪಿನ್ಯಾಗ ಉಂಗುರ ಏಳತಾವು.
ಕೂಸುಗೋಳು ಆ ಸಪ್ಪಳಕ್ಕ ಮಲಗತಾವು,
ನಿಂತರ ಏಳತಾವು.

ಮೊದಲನೇ ಫೈಲು: ಖಟಾಖಟ್, ಖಟಾಖಟ್,
ಅದರ ಅಡ್ಯಾಗ ಎಲ್ಲೋ ದೂರ ಗಿಟಾರ,
ಸಂತ್ಯಾಗ ಕೈ ಬಿಟ್ಟ ಹುಡುಗನಂಗ.
ಎರಡನೇದು ಕುಕ್ಕರಿನ ಸೀಟಿ.
ಮೂರನೇದ್ರಾಗ ಬಾರಿಸಿದ್ದು ಕಡಿಮಿ,
ನಾ ಉಸರಾಡಿದ್ದ ಹೆಚ್ಚು.
ನಾಕೂ ಐದೂ ಅಳಿಸೇನಿ. ಕೇಳಬ್ಯಾಡ್ರಿ.

ಆರನೇದಕ್ಕ ದುಂಡವ್ವ ಚಿಗವ್ವನ ಕೌದಿ ಎಳಕೊಂಡು ಬಂದೆ.
ಕದಕ್ಕೊಂದು, ಕಿಡಕಿಗೊಂದು, ನನ್ನ ತೆಲಿ ಮ್ಯಾಲೊಂದು.
ಒಳಗ ಬೆವರು, ಡಾಂಬರಗುಳಿಗಿ ವಾಸನಿ,
ಮೂರನೇತ್ತೆಯ ನನ್ನ ಖಾಕಿ ಚಡ್ಡಿ
ಒಂದು ಚೌಕಾಗಿ ಮೂಗಿಗೆ ತಾಗತಿತ್ತು.
ಹೊರಗಿಂದ ದುಂಡವ್ವ: "ಜ್ವರಾ ಬಂದಾವೇನೋ?"
ಅದೂ ರೆಕಾರ್ಡಾತು.

ಮಂಗಳವಾರ ಮೂರೂ ಹತ್ತಕ್ಕ ಕರೆಂಟ ಹೋತು.
ಮೂವತ್ತಾರೂ ಮಗ್ಗ ಒಮ್ಮಿಗೇ ನಿಂತವು.
ಎಂಥಾ ಸುಮ್ಮನಿರೂದು ಅಂದ್ರ,
ಬೇವಿನ ಟೊಂಗಿ ಮ್ಯಾಲೆ ಕಾಗಿ ಕೊಕ್ಕು ತಿಕ್ಕೂದು ಕೇಳಿಸ್ತು.
ಎರಡು ತಿಂಗಳು ಕಾದದ್ದ ಇದಕ್ಕ.
ಬ್ಯಾಟರಿ ಹನ್ನೊಂದು. ಕೌದಿ ಹೊತ್ತೆ. ಗುಂಡಿ ಒತ್ತಿದೆ.

ಕೈ ಓಡಿತು.
ನಿಂತಿತು.
ಮತ್ತ ಓಡಿತು.
ಹೊಳಿ ದಾಟೋ ಮುಂದ ಕಲ್ಲು ಸಿಗಲಾರದ ಕಾಲಿನಂಗ
ನಾಲ್ಕನೇ ಪೆಟ್ಟು ಎಲ್ಲಿ ಇಡಬೇಕೋ ತಿಳಿಯವೊಲ್ಲದು.
ಏಳರಿಂದ ಹದಿಮೂರು, ಏಳು ಫೈಲು:
ಒಂದು ಖಟ್ ಇಲ್ಲ, ಒಂದು ಸೀಟಿ ಇಲ್ಲ,
ಒಂದೂ ಸರಿ ಇಲ್ಲ.
ಎದುರುಮನಿ ಕೂಸು ಎದ್ದು ಅಳಾಕ ಹತ್ತಿತು.

ನಾ ಮಗ್ಗಿ ಕಲತದ್ದ ಮಗ್ಗದ ಮುಂದ.
ಲಾಳಿ ಅತ್ತ ಹೋದರ ಏಳೊಂದ್ಲಿ,
ಇತ್ತ ಬಂದರ ಏಳು.
ಇದು ಕೌದ್ಯಾಗ ಕುಂತಾಗ ನೆನಪಾಗಲಿಲ್ಲ ನೋಡ್ರಿ,
ಕರೆಂಟ ಬಂದ ಮ್ಯಾಲೆ ಆತು.

ಮೊದಲ ಚನಮಲ್ಲಪ್ಪನ ಮಗ್ಗ ಎದ್ದಿತು.
ಅದರ ಪಟ್ಟಾ ಸಡಲೈತಿ, ಎರಡಕ್ಕೊಮ್ಮೆ
ಚೂರು ತಡಾ ಮಾಡಿ ಹೊಡಿತೈತಿ,
ಬಿಗಿಯಾಕ ನಾಳೆ ಹೋಗಬೇಕಂದಿದ್ದೆ.
ಆ ತಡಾದೊಳಗ ನನ್ನ ಬಲಗೈ
ನನ್ನ ಕೇಳಲಾರದ ಹೊಕ್ಕಿತು.
ಕೌದಿ ತಗದೆ. ಕಿಡಕಿ ತಗದೆ. ವಾಯರ ಚುಚ್ಚಿದೆ.
ಅಷ್ಟರಾಗ ಉಳಿದ ಮೂವತ್ತೈದೂ ಬಂದವು.

ಹದಿನಾಲ್ಕನೇದು ಎರಡು ಕಡೆ ಕೆಂಪು ಮುಟ್ಟೈತಿ.
ಸಣ್ಣ ತಂತಿ ನಡುವ ಹರದದ್ದೂ ಐತಿ.
ಅಶ್ಫಾಕ ಬಲಗಿವಿಗೆ ಇಟಗೊಂಡು ಕೇಳಿದ,
ಮಾರಿ ಗಂಟು ಹಾಕಿದ, ಏನೋ ಇದು ಗದ್ದಲಾ ಅಂದ.
ಮತ್ತ ಮೊದಲಿಂದ ಹಚ್ಚಿದ.
ಕಾಲ ಹೆಬ್ಬಟ್ಟು ಆಡತಿತ್ತು, ಅವಗ ಗೊತ್ತಿರಲಿಲ್ಲ.

"ಇದು ಚನಮಲ್ಲಪ್ಪಂದಲ್ಲೇನು?
ಪಟ್ಟಾ ಈಗ ಬಿಗೀಬ್ಯಾಡ.
ತಂತಿ ಹಾಕಿ ಇನ್ನೊಂದು ಸಲ ಬಾರಸು."